ರಜೆಯ ದಿನದ ಕ್ಯಾನು

ಆ ಮನೆಯಲ್ಲಿ ಬಂಗಾರಕ್ಕೆ ಬೀಗವಿರಲಿಲ್ಲ. ಬಂಗಾರ ಇದ್ದರಲ್ಲವೆ ಬೀಗದ ಮಾತು! ಆದರೆ ಆ ಸಂಜೆ ಉಪ್ಪಿನ ಡಬ್ಬಿಗೆ ಬೀಗ ಬಿತ್ತು. ಅತ್ತೆ ಒಲೆಯ ಪಕ್ಕದ ಹಲಗೆಯ ಮೇಲಿದ್ದ ಡಬ್ಬಿಯನ್ನು ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ ಸೀದಾ ತಮ್ಮ ಕೋಣೆಗೆ ಹೋದರು. ಕಬ್ಬಿಣದ ಬೀರು ಕಿರ್ರೆಂದಿತು. ಕೀಲಿ ತಿರುಗಿತು.

“ಇನ್ನು ಮೇಲೆ ಈ ಮನೇಲಿ ಒಲೆ ಹಚ್ಚೋಳು ನಾನು,” ಎನ್ನುತ್ತ ಹೊರಗೆ ಬಂದರು. “ಯಾರ ಕೈಯಲ್ಲಿ ಏನಿದೆಯೋ, ಯಾರ ಮನಸ್ಸಲ್ಲಿ ಏನಿದೆಯೋ, ದೇವರೇ ಬಲ್ಲ.”

ಮಾತು ಗೋಡೆಗೆ ಹೇಳಿದಂತಿತ್ತು, ತಾಗಿದ್ದು ಸೊಸೆಗೆ. ಬಟಾಣಿ ಸುಲಿಯುತ್ತಿದ್ದ ಅವಳ ಬೆರಳುಗಳು ನಿಂತವು.

“ಅತ್ತೆ, ನಾನು ಅಡುಗೆಗೆ ಒಂದು ಹರಳು ಉಪ್ಪೂ ಹಾಕಿಲ್ಲ.”

“ನೀನು ಹಾಕಿದೀಯ ಅಂತ ಯಾರಾದ್ರೂ ಅಂದ್ರಾ? ಕುಂಬಳಕಾಯಿ ಕಳ್ಳನ ಥರ ಯಾಕೆ ಹೆಗಲು ಮುಟ್ಕೋತೀಯ?”

ಕುರ್ಚಿಯಲ್ಲಿ ಊದಿದ ಕಾಲು ಚಾಚಿ ಕೂತಿದ್ದ ಮಾವ ಕೆಮ್ಮಿದರು. ಮಾವನ ಕೆಮ್ಮಿಗೆ ಆ ಮನೆಯಲ್ಲಿ ನೂರು ಅರ್ಥ. ಅವತ್ತಿನದಕ್ಕೆ ಮಾತ್ರ ಯಾವ ಅರ್ಥವೂ ಹೊಳೆಯಲಿಲ್ಲ.

ಮಾವನಿಗೆ ಕಿಡ್ನಿಯ ಕಾಯಿಲೆ. ವರ್ಷದ ಹಿಂದೆ ಚಪ್ಪಲಿ ಹಿಡಿಸದಷ್ಟು ಕಾಲು ಊದಿದಾಗ ಗೊತ್ತಾದದ್ದು. “ಎರಡೂ ಸೇರಿ ಒಂದರ ಕೆಲಸಾನೂ ಮಾಡ್ತಿಲ್ಲ,” ಎಂದಿದ್ದರು ಡಾಕ್ಟರು. “ಉಳಿದಿರೋದನ್ನ ಉಳಿಸ್ಕೊಳ್ಳೋದು ನಿಮ್ಮ ಕೈಯಲ್ಲಿದೆ. ಉಪ್ಪು ಬಿಟ್ಟುಬಿಡಿ. ಇಲ್ಲಾಂದ್ರೆ ವಾರಕ್ಕೆ ಮೂರು ದಿನ ಡಯಾಲಿಸಿಸ್ ಮೆಷಿನ್ನಿನ ಪಕ್ಕ ಮಲಗ್ಬೇಕಾಗುತ್ತೆ.” ಡಯಾಲಿಸಿಸ್ ಎಂದರೆ ಕೆಲಸ ಹೋದಂತೆಯೇ. ಮಾವ ಒಂದು ದೊಡ್ಡ ಕಾರ್ಖಾನೆಯ ಕ್ಯಾಂಟೀನಿನ ಮುಖ್ಯ ಅಡುಗೆಯವರು. ಆಳೆತ್ತರದ ಹಂಡೆಗಳ ಮುಂದೆ ಮೂವತ್ತು ವರ್ಷ ನಿಂತ ಮನುಷ್ಯ.

ಅಂದಿನಿಂದ ಮನೆಯಲ್ಲಿ ಎಲ್ಲರಿಗೂ ಸಪ್ಪೆ ಊಟ. ಆಸ್ಪತ್ರೆಯಿಂದ ಆಗಾಗ ಒಬ್ಬ ಹೆಂಗಸು ಮನೆಗೇ ಬರುತ್ತಿದ್ದಳು. ರೋಗಿಗಳು ತಮ್ಮ ಕಾಯಿಲೆಯನ್ನು ತಾವೇ ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ ಎಂದು ಅಳೆಯುವುದೇ ಅವಳ ಕೆಲಸ. ಮಾತ್ರೆ ತಪ್ಪಿಸ್ತೀರಾ? ದಿನಾ ತೂಕ ನೋಡ್ಕೋತೀರಾ? ನೋವಿಗೆ ಅಂತ ಅಂಗಡಿ ಮಾತ್ರೆ ನುಂಗ್ತೀರಾ? ಊಟಕ್ಕೆ ಉಪ್ಪು ಹಾಕ್ಕೋತೀರಾ? ಹೊರಗೆ ಊಟ ಮಾಡ್ತೀರಾ? ಒಂದೊಂದಕ್ಕೂ ಯಾವಾಗಲೂ, ಆಗಾಗ, ಎಂದೂ ಇಲ್ಲ ಅಂತ ಉತ್ತರ ಹೇಳಬೇಕು. ಕೊನೆಗೆ ನೂರಕ್ಕೆ ಇಷ್ಟು ಎಂದು ಅಂಕ. ನಾದಿನಿ ಅವಳಿಗೆ ‘ಪ್ರಶ್ನೆಯಮ್ಮ’ ಎಂದು ಹೆಸರಿಟ್ಟಿದ್ದಳು.

ಮಾವನಿಗೆ ತೊಂಬತ್ತಕ್ಕೂ ಮೇಲೆ ಬಂದಿತ್ತು. ಶಾಲೆಯಲ್ಲಿ ಒಂದು ಸಲವೂ ಪಾಸಿನ ಮುಖ ಕಾಣದ ಮನುಷ್ಯ, ಕೆಳಗಿನ ಮನೆಯ ದರ್ಜಿಯನ್ನೂ ಹಾಲಿನವನನ್ನೂ ನಿಲ್ಲಿಸಿಕೊಂಡು, “ಇಡೀ ಆಸ್ಪತ್ರೆಗೆ ನಾನೇ ಫಸ್ಟು,” ಎಂದು ಹೇಳಿಕೊಂಡಿದ್ದರು.

ಆದರೆ ಬಾಯಿಮಾತಿನ ಅಂಕದ ಜೊತೆಗೆ ಆಸ್ಪತ್ರೆಯವರು ಇನ್ನೊಂದು ಅಳತೆಯನ್ನೂ ಇಟ್ಟಿದ್ದರು. ಒಂದು ಹಗಲು ಒಂದು ರಾತ್ರಿಯ ಮೂತ್ರವನ್ನು ಒಂದು ತೊಟ್ಟೂ ಚೆಲ್ಲದಂತೆ ದೊಡ್ಡ ಕ್ಯಾನಿನಲ್ಲಿ ಹಿಡಿದು ಕೊಡಬೇಕು. ಮೈಗೆ ಎಷ್ಟು ಉಪ್ಪು ಹೋಗಿದೆ ಎಂದು ಅದೇ ಹೇಳುತ್ತದೆ. ಮೊದಲ ಕ್ಯಾನು ಮಾವನ ವಾರದ ರಜೆಯ ದಿನ ತುಂಬಿತ್ತು. ಎಲ್ಲ ನೆಟ್ಟಗಿತ್ತು. ಎರಡನೆಯದು ಕೆಲಸದ ದಿನ. ಅದರಲ್ಲಿ ಉಪ್ಪು ಎರಡು ಪಟ್ಟಿಗಿಂತ ಹೆಚ್ಚು. ರಕ್ತದ ಲೆಕ್ಕವೂ ಕೆಟ್ಟಿತ್ತು.

“ಯಜಮಾನ್ರೇ, ನಿಮ್ಮ ಬಾಯಿ ಒಂದು ಹೇಳುತ್ತೆ, ಕ್ಯಾನು ಒಂದು ಹೇಳುತ್ತೆ,” ಎಂದಿದ್ದಳು ಪ್ರಶ್ನೆಯಮ್ಮ. “ಒಂದೋ ನೀವು ಮುಚ್ಚಿಡ್ತಿದೀರಿ, ಇಲ್ಲಾ ಅಡುಗೆಮನೇಲಿ ಏನೋ ನಡೀತಿದೆ.”

ಆ ಕೊನೆಯ ಮಾತು ಅತ್ತೆಯ ಕಿವಿಯಲ್ಲಿ ಗೂಡು ಕಟ್ಟಿತು. ಅತ್ತೆ ವಾರವಿಡೀ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವರು. ಮನೆಯಲ್ಲಿ ಅಡುಗೆ ಸೊಸೆಯದು. ರಜೆಯ ದಿನ ಮಾತ್ರ ಸೌಟು ಅತ್ತೆಯ ಕೈಗೆ.

“ನಾನು ಬೇಯಿಸಿ ಹಾಕಿದ ದಿನ ನೆಟ್ಟಗೆ, ಇವಳು ಬೇಯಿಸಿ ಹಾಕಿದ ದಿನ ವಿಷ,” ಎಂದರು ಊಟಕ್ಕೆ ಕೂತಾಗ. “ಇದಕ್ಕೆ ಡಾಕ್ಟರ್ ಯಾಕೆ ಬೇಕು? ನನಗೇ ಗೊತ್ತಾಗುತ್ತೆ.”

“ಅಮ್ಮ, ಅವಳ್ಯಾಕೆ ಹಾಗೆ ಮಾಡ್ತಾಳೆ?” ಎಂದ ಗಂಡ. ಲಿಫ್ಟು ರಿಪೇರಿ ಅವನ ಕೆಲಸ. ಉಗುರಿನ ಸಂದಿಯ ಗ್ರೀಸು ಊಟದ ಹೊತ್ತಿಗೂ ಹೋಗಿರುತ್ತಿರಲಿಲ್ಲ.

“ನಿನಗೋಸ್ಕರ ಕಣೋ. ಸಪ್ಪೆ ಸಪ್ಪೆ ಅಂತ ದಿನಾ ರಾಗ ಎಳೀತಿದ್ದೆಯಲ್ಲ? ಗಂಡನ ಬಾಯಿ ಚಪಲಕ್ಕೆ ಪಾತ್ರೆಗೇ ಹಾಕಿಬಿಟ್ಟಿರ್ತಾಳೆ.”

“ಅಣ್ಣನ ತಟ್ಟೆಗೆ ಉಪ್ಪು ಬೇರೆ ಹಾಕೋದನ್ನ ನಾನೇ ನೋಡಿದೀನಿ,” ಎಂದಳು ನಾದಿನಿ. ಚಪ್ಪಲಿ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳ ಕಾಲು ಹಿಡಿದು ಬಂದವಳಿಗೆ ಮನೆಯಲ್ಲಿ ಯಾರದಾದರೂ ಕಾಲು ಎಳೆಯದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ.

“ಅದು ಅವರ ತಟ್ಟೆಗೆ ಮಾತ್ರ,” ಎಂದಳು ಸೊಸೆ.

“ಅಬ್ಬಾ, ಮೂಕಿ ಮಾತಾಡಿದ್ಳು!”

ಸೊಸೆಯನ್ನು ಮನೆಯಲ್ಲಿ ಕರೆಯುತ್ತಿದ್ದದ್ದೇ ಹಾಗೆ. ಮಾತಾಡಲು ಬರುವುದಿಲ್ಲವೆಂದಲ್ಲ, ಮಾತು ತುಟಿಯ ತನಕ ಬರುವಷ್ಟರಲ್ಲಿ ಬೇರೆಯವರು ಇನ್ನೆರಡು ಮಾತಾಡಿ ಮುಗಿಸಿರುತ್ತಿದ್ದರು. ಬಾಯಿ ಸುಮ್ಮನಿದ್ದಷ್ಟೂ ಅವಳ ಕಣ್ಣಿಗೆ ಕೆಲಸ ಜಾಸ್ತಿ.

ಆ ವಾರಗಳಲ್ಲಿ ಎಲ್ಲರ ಕಣ್ಣಿಗೂ ಕೆಲಸ ಜಾಸ್ತಿಯಾಯಿತು. ಅತ್ತೆ ನಸುಕಿಗೇ ಎದ್ದು ಅಡುಗೆ ಮುಗಿಸಿ, ಮಾವನ ಡಬ್ಬಿ ಕಟ್ಟಿ, ರಾತ್ರಿಯ ಅಡುಗೆಯ ಪಾತ್ರೆಯ ಮುಚ್ಚಳದ ಮೇಲೆ ಒಂದು ಚಮಚವನ್ನು ಓರೆಯಾಗಿ ಇಟ್ಟು ಲಾಂಡ್ರಿಗೆ ಹೋಗುತ್ತಿದ್ದರು. ಸಂಜೆ ಬಂದವರೇ ಚಮಚ ಅಲುಗಿದೆಯೇ ಎಂದು ನೋಡುವುದು. ಗಂಡನಿಗೆ ಅಪ್ಪನ ಮೇಲೇ ಗುಮಾನಿ. “ಮನೆ ಡಬ್ಬೀನ ಯಾರಿಗೋ ಕೊಟ್ಟು ಅಪ್ಪ ಕ್ಯಾಂಟೀನಲ್ಲೇ ಊಟ ಹೊಡೀತಾನೆ,” ಎಂದು ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ. ಮಾವನಿಗೆ ಆಸ್ಪತ್ರೆಯ ಮೇಲೆ. “ಅಲ್ಲಿ ಸಾಲಾಗಿ ಇಪ್ಪತ್ತು ಕ್ಯಾನು ಇಟ್ಟಿರ್ತಾರೆ. ಯಾವನದೋ ನನ್ನ ಹೆಸರಿಗೆ ಬಂದಿದೆ.” ಸೊಸೆ ನಾದಿನಿಯ ಚೀಲದ ಕಡೆ ನೋಡತೊಡಗಿದಳು; ಅಂಗಡಿಯಿಂದ ಬರುವಾಗ ಅದರೊಳಗೆ ಏನೋ ಕರಕರ ಎನ್ನುತ್ತಿತ್ತು. ಒಂದು ದಿನ ನೋಡಿದರೆ ಅದು ಚಪ್ಪಲಿಗೆ ಸುತ್ತುವ ಕಾಗದ.

“ಏನು ಅತ್ತಿಗೆ, ನನ್ನ ಚೀಲಾನ ತಲಾಶು ಮಾಡ್ತಿದೀಯಾ?”

ಸೊಸೆಯ ಮುಖ ಕೆಂಪಗಾಯಿತು. ನಾದಿನಿ ನಕ್ಕಳು, ಆದರೆ ಚೀಲವನ್ನು ಅಂದಿನಿಂದ ತನ್ನ ಕೋಣೆಯಲ್ಲೇ ಇಟ್ಟುಕೊಂಡಳು.

ಮೂರನೆಯ ಕ್ಯಾನಿನ ದಿನ ಹತ್ತಿರ ಬಂತು. ಹಿಂದಿನ ಸಲ ಕ್ಯಾನನ್ನು ಚೀಲದಲ್ಲಿಟ್ಟುಕೊಂಡು ಕ್ಯಾಂಟೀನಿಗೆ ಹೋದದ್ದರಲ್ಲಿ ಮಾವನ ಮಾನ ಮೂರು ಕಾಸಿಗೆ ಹರಾಜಾಗಿತ್ತು. ತರಕಾರಿ ಹೆಚ್ಚುವವರೆಲ್ಲ, “ಯಜಮಾನ್ರು ಹೊಸ ಎಣ್ಣೆ ತಂದಿದಾರೆ,” ಎಂದು ನಕ್ಕಿದ್ದರು. “ಈ ಸಲ ರಜೆ ದಿನಾನೇ,” ಎಂದು ಕಡ್ಡಿ ಮುರಿದಂತೆ ಹೇಳಿದರು. ಡಾಕ್ಟರೂ ಒಪ್ಪಿದರು.

ಅತ್ತೆ ಆಗ ಸೊಸೆಗೆ ತಮ್ಮ ತೀರ್ಮಾನ ಹೇಳಿದರು. “ಅಲ್ಲೀವರೆಗೂ ನೀನು ನಿಮ್ಮಣ್ಣನ ಮನೇಲಿ ಇದ್ದು ಬಾ. ನೀನಿಲ್ಲದಾಗ ಕ್ಯಾನಲ್ಲಿ ಏನು ಬರುತ್ತೋ ನೋಡೋಣ.”

“ಕಡಿಮೆ ಬಂದ್ರೆ?” ಎಂದಳು ಸೊಸೆ.

“ಕಡಿಮೆ ಬಂದ್ರೆ ಅಲ್ಲೇ ಇರು. ಜೀವ ತೆಗೆಯೋಳನ್ನ ಒಳಗಿಟ್ಕೊಂಡು ನಾನು ಏನು ಮಾಡ್ಲಿ?”

ಸೊಸೆ ಗಂಡನ ಕಡೆ ನೋಡಿದಳು. ಅವನು ತಟ್ಟೆಯ ಕಡೆ ನೋಡಿದ. “ನಾಲ್ಕು ದಿನದ ಮಾತು, ಹೋಗಿ ಬಾ. ನಿನ್ನ ತಪ್ಪಿಲ್ಲ ಅಂದ್ರೆ ತಾನಾಗೇ ಗೊತ್ತಾಗುತ್ತಲ್ಲ.”

ಅಪ್ಪ ಅಮ್ಮ ಇಬ್ಬರೂ ಇಲ್ಲದ ತವರು. ಅಣ್ಣನದು ಒಂದೇ ಕೋಣೆ. ಅತ್ತಿಗೆಗೆ ಮೂರು ಮಕ್ಕಳು. ಹಾಸಿಗೆ ಎಲ್ಲಿ ಬಿಡಿಸುವುದು ಎಂಬ ಪ್ರಶ್ನೆಗೇ ಅಲ್ಲಿ ಉತ್ತರವಿರಲಿಲ್ಲ.

ಮರುದಿನ ಮಾವ ಊಟದ ಡಬ್ಬಿ ಮರೆತು ಹೋದರು. ಅಡುಗೆಯಿಂದ ಬಿಡುಗಡೆಯಾಗಿದ್ದ ಸೊಸೆಯೇ ಅದನ್ನು ಹಿಡಿದು ಬಸ್ಸು ಹತ್ತಿದಳು. ಹೋಗುವಾಗ ಅವಳಿಗೂ ಗಂಡನ ಗುಮಾನಿಯೇ: ಈವತ್ತು ಡಬ್ಬಿ ಇಲ್ಲ, ಈವತ್ತು ಸಿಕ್ಕಿಬೀಳ್ತಾರೆ.

ಕ್ಯಾಂಟೀನಿನ ಹಿಂಬಾಗಿಲಲ್ಲಿ ಆಲೂಗಡ್ಡೆ ಮೂಟೆಗಳ ಪಕ್ಕ ಅವಳು ನಿಂತಳು. ಒಳಗೆ ಹಬೆಯೋ ಹಬೆ. ಮಾವ ಬೇರೆಯೇ ಮನುಷ್ಯನಾಗಿದ್ದರು. ಮನೆಯಲ್ಲಿ ಕುರ್ಚಿಯಿಂದ ಏಳಲು ಗೋಡೆ ಹಿಡಿಯುವವರು ಇಲ್ಲಿ ಹಂಡೆಯಿಂದ ಹಂಡೆಗೆ ಸುತ್ತುತ್ತಿದ್ದರು. ಉದ್ದನೆಯ ಸೌಟು ಹಂಡೆಗೆ ಇಳಿಯುತ್ತಿತ್ತು, ಮೇಲೆ ಬರುತ್ತಿತ್ತು, ಎಡ ಅಂಗೈಗೆ ಒಂದಿಷ್ಟು ಸುರಿಯುತ್ತಿತ್ತು. ಅಂಗೈ ಬಾಯಿಗೆ. ಗಂಟಲು ಒಮ್ಮೆ ಮೇಲೆ ಕೆಳಗೆ. “ಇನ್ನೊಂದು ಹಿಡಿ ಹಾಕು,” ಎನ್ನುವರು. ಹಾಕಿದ ಮೇಲೆ ಮತ್ತೆ ಸೌಟು, ಮತ್ತೆ ಅಂಗೈ, ಮತ್ತೆ ಗಂಟಲು. ಮುಂದಿನ ಹಂಡೆ. ಅಲ್ಲೂ ಹಾಗೇ. ತಿರುಗಿ ಮೊದಲನೆಯದಕ್ಕೆ.

ಊಟದ ಗಂಟೆ ಬಾರಿಸಿ ಗದ್ದಲ ಮುಂಬಾಗಿಲಿಗೆ ಹೋದ ಮೇಲೆ ಮಾವ ಅವಳನ್ನು ಕಂಡರು. “ಏನಮ್ಮಾ ಇಲ್ಲಿ? ಓ, ಡಬ್ಬೀನಾ!” ಎಂದು ಮಗುವಿನಂತೆ ಇಸಿದುಕೊಂಡರು. ಮಗುಚಿಟ್ಟ ಹಣ್ಣಿನ ಪೆಟ್ಟಿಗೆಯ ಮೇಲೆ ಕೂತು, ಆ ಸಪ್ಪೆ ಅನ್ನವನ್ನೂ ಸಪ್ಪೆ ಹುರುಳಿಕಾಯಿಯನ್ನೂ ಒಂದಗುಳು ಬಿಡದೆ ಉಂಡರು. ಪಕ್ಕದಲ್ಲೇ ಹಂಡೆಗಳು ಘಮಘಮ ಎನ್ನುತ್ತಿದ್ದವು. ಅತ್ತ ತಿರುಗಿಯೂ ನೋಡಲಿಲ್ಲ.

“ಮಾವ, ನೀವು ದಿನಾ ಹೀಗೇ ರುಚಿ ನೋಡ್ತೀರಾ?”

“ನೋಡದೆ? ಸಾವಿರ ಜನ ಉಣ್ಣೋ ಅಡುಗೆ.”

“ನುಂಗಿಬಿಡ್ತೀರಾ?”

“ನುಂಗದೆ ಉಪ್ಪು ಹೇಗಮ್ಮಾ ಗೊತ್ತಾಗುತ್ತೆ? ನಾಲಿಗೆ ಸುಳ್ಳು ಹೇಳುತ್ತೆ. ಉಪ್ಪು ಗೊತ್ತಾಗೋದು ಗಂಟಲಲ್ಲಿ.” ದನಿ ತಗ್ಗಿಸಿದರು. “ಈಗೀಗ ಗಂಟಲಿಗೂ ಸರಿಯಾಗಿ ಸಿಗ್ತಿಲ್ಲ. ಬಾಯೆಲ್ಲ ತುಕ್ಕು ಹಿಡಿದ ಹಾಗೆ ಇರುತ್ತೆ. ಒಂದು ಸಲ ನೋಡ್ತಿದ್ದೋನು ನಾಲ್ಕು ಸಲ ನೋಡ್ತೀನಿ.”

“ಅದು ಉಪ್ಪಲ್ವಾ ಮಾವ?”

“ರುಚಿ ನೋಡೋದು ಊಟ ಆಗುತ್ತಾ? ಎಂಥಾ ಮಾತಾಡ್ತೀಯ!”

ಅವರು ನಗುತ್ತಲೇ ಅಂದರು. ಸೊಸೆಗೆ ನಗು ಬರಲಿಲ್ಲ. ಮೊದಲ ಕ್ಯಾನು ತುಂಬಿದ್ದು ರಜೆಯ ದಿನ. ಅವತ್ತು ಮಾವ ಹಂಡೆಯ ಹತ್ತಿರವೂ ಸುಳಿದಿರಲಿಲ್ಲ. ಈಗ ಮೂರನೆಯದೂ ರಜೆಯ ದಿನ. ಕ್ಯಾನು ನೆಟ್ಟಗೆ ಬರುತ್ತದೆ. ಅವಳು ಮನೆಯಲ್ಲಿ ಇರುವುದಿಲ್ಲ. ಇನ್ನು ಆ ಹೊಸ್ತಿಲು ತುಳಿಯುವ ಮಾತೇ ಇಲ್ಲ.

“ಮಾವ, ಕ್ಯಾನು ಕೆಲಸದ ದಿನ ತುಂಬಿಸಿ.”

“ಆ ಕ್ಯಾನು ಹಿಡ್ಕೊಂಡು ಸತ್ರೂ ಇಲ್ಲಿಗೆ ಬರಲ್ಲ.”

“ರಜೆ ದಿನ ಅದು ಸರಿಯಾಗೇ ಬರುತ್ತೆ. ಆಮೇಲೆ ನನ್ನನ್ನ ಒಳಗೆ ಬಿಟ್ಕೊಳ್ಳಲ್ಲ.”

ಡಬ್ಬಿಯ ಮುಚ್ಚಳ ಹಾಕುತ್ತಿದ್ದ ಮಾವನ ಕೈ ನಿಂತಿತು. ಅವರಿಗೆ ಅರ್ಥವಾಯಿತು, ಅದು ಮುಖದಲ್ಲೇ ಕಂಡಿತು. ಹಾಗಿದ್ದೂ ಸುತ್ತ ಒಮ್ಮೆ ಕಣ್ಣಾಡಿಸಿ, “ನನ್ನ ನಾಲಿಗೆ ವಿಷಯ ಎಲ್ಲೂ ಎತ್ತಬೇಡ,” ಎಂದರು. “ಹೋದ ತಿಂಗಳು ಎರಡು ಸಲ ಉಪ್ಪು ಜಾಸ್ತಿಯಾಗಿ ಮ್ಯಾನೇಜರ್ ಕರೆಸಿದ್ದ. ಅಡುಗೆಯವನಿಗೆ ರುಚಿ ಸಿಗ್ತಿಲ್ಲ ಅಂತ ಗೊತ್ತಾದ್ರೆ ಮುಗೀತು. ನೀನು ಬಾಯಿ ಮುಚ್ಕೊಂಡಿರು. ನಾನು ಏನಾದ್ರೂ ಮಾಡ್ತೀನಿ.”

ಏನೂ ಮಾಡಲಿಲ್ಲ. ಎರಡು ದಿನ ಸೊಸೆಯ ಕಣ್ಣು ತಪ್ಪಿಸಿಕೊಂಡು ಓಡಾಡಿದರು.

ಅವಳು ಹೊರಡಬೇಕಿದ್ದ ದಿನದ ಹಿಂದಿನ ಸಂಜೆ ಪ್ರಶ್ನೆಯಮ್ಮ ಬಂದಳು; ಕ್ಯಾನು ಕೊಟ್ಟು, ಪ್ರಶ್ನೆಗಳನ್ನು ಮತ್ತೊಮ್ಮೆ ಕೇಳಿ ಹೋಗುವುದಕ್ಕೆ. ಎಲ್ಲರೂ ಸುತ್ತ ಕೂತರು, ಪಂಚಾಯಿತಿಗೆ ಕೂತ ಹಾಗೆ. ಸೊಸೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು.

“ಮಾತ್ರೆ ತಪ್ಪಿಸ್ತೀರಾ ಯಜಮಾನ್ರೇ?”

“ಎಂದೂ ಇಲ್ಲ.”

“ದಿನಾ ತೂಕ?”

“ಯಾವಾಗಲೂ.”

“ಹೊರಗೆ ಊಟ ಮಾಡ್ತೀರಾ?”

ಮಾವನ ಕಣ್ಣು ಬಾಗಿಲ ಕಡೆ ಹೋಗಿ ಹಿಂದೆ ಬಂತು. “ಎಂದೂ ಇಲ್ಲ.”

“ಮೇಡಂ,” ಎಂದಳು ಸೊಸೆ. “ಊಟ ಮಾಡ್ತೀರಾ ಅಂತ ಕೇಳ್ಬೇಡಿ. ಹೊರಗೆ ಏನಾದ್ರೂ ನುಂಗ್ತೀರಾ ಅಂತ ಕೇಳಿ.”

“ಏಯ್!” ಎಂದರು ಅತ್ತೆ. “ನಿನ್ನನ್ನ ಯಾರು ಕರೆದ್ರು?”

“ಇರಿ ಅಮ್ಮಾ,” ಎಂದಳು ಪ್ರಶ್ನೆಯಮ್ಮ, ಮಾವನ ಮುಖದಿಂದ ಕಣ್ಣು ತೆಗೆಯದೆ. “ಏನಾದ್ರೂ ನುಂಗ್ತೀರಾ ಯಜಮಾನ್ರೇ?”

ಮಾವ ಸೊಸೆಯನ್ನು ದುರುಗುಟ್ಟಿ ನೋಡಿದರು. ಅವಳು ತಲೆ ತಗ್ಗಿಸಲಿಲ್ಲ. ಅಷ್ಟು ಹೊತ್ತು ಒಬ್ಬರನ್ನು ನೆಟ್ಟ ನೋಟದಿಂದ ನೋಡಿದ್ದು ಅವಳಿಗೆ ಅದೇ ಮೊದಲು. ಕೊನೆಗೆ ಕಣ್ಣು ತಗ್ಗಿಸಿದವರು ಮಾವ.

“ರುಚಿ ನೋಡ್ತೀನಿ,” ಎಂದರು. “ಕೆಲಸ ಅಲ್ವಾ.”

“ಎಷ್ಟು?”

“ಒಂದು ಹನಿ, ಎರಡು ಹನಿ. ಅದೆಲ್ಲ ಲೆಕ್ಕಕ್ಕಿಲ್ಲ.”

ಸೊಸೆ ಒಳಗೆ ಹೋದಳು. ಒಂದು ಪಾತ್ರೆ ನೀರು, ಒಂದು ಸೌಟು, ಒಂದು ಗಾಜಿನ ಲೋಟ ತಂದು ಮಾವನ ಮುಂದಿಟ್ಟಳು. “ದಿನಾ ನೋಡೋ ಹಾಗೇ ನೋಡಿ ಮಾವ. ಬಾಯಿಗೆ ಬೇಡ, ಲೋಟಕ್ಕೆ ಹಾಕಿ.”

“ಏನಿದು ಮಂಗನಾಟ!” ಎಂದರು ಅತ್ತೆ. ಮಾವ ಸೌಟು ಮುಟ್ಟುವುದಿಲ್ಲ ಎಂದುಕೊಂಡರು ಎಲ್ಲರೂ. ಆದರೆ ಸೌಟು ಕಂಡ ಕೈ ಅದು, ತಾನಾಗಿಯೇ ಹೋಯಿತು.

“ಮೊದಲು ಗಂಜಿ,” ಎಂದರು. ಸೌಟಿನಿಂದ ಅಂಗೈಗೆ, ಅಂಗೈಯಿಂದ ಲೋಟಕ್ಕೆ. “ಉಪ್ಪು ಹಾಕೋಕೆ ಮುಂಚೆ. ಹಾಕಿದ ಮೇಲೆ. ಕುದಿ ಬಂದ ಮೇಲೆ ಇನ್ನೊಂದು ಸಲ. ಎರಡನೇ ಹಂಡೆ ಗಂಜಿ.” ಮಾವ ಮನೆಯಲ್ಲಿ ಇರುವುದನ್ನೇ ಮರೆತರು. ಭುಜ ನೆಟ್ಟಗಾಯಿತು. “ಆಲೂಗಡ್ಡೆ. ಇದಕ್ಕೆ ಎಷ್ಟು ಹಾಕಿದ್ರೂ ಹೀರಿಕೊಳ್ಳುತ್ತೆ, ನಾಲ್ಕು ಸಲ ನೋಡಲೇಬೇಕು. ಆಮೇಲೆ ಬೇಳೆ. ಬಡಿಸೋಕೆ ಮುಂಚೆ ಎಲ್ಲಾದನ್ನೂ ಕೊನೆ ಸಲ.”

ಲೋಟದಲ್ಲಿ ನೀರು ಏರುತ್ತಿತ್ತು. ಗಂಡ ಮುಂದಕ್ಕೆ ಬಾಗಿದ. ನಾದಿನಿ ಲೋಟದ ಹತ್ತಿರಕ್ಕೆ ಸರಿದಳು. ನೀರು ಅಂಚಿಗೆ ಬಂದು ತುಳುಕಿ ನೆಲಕ್ಕೆ ಬಿದ್ದಾಗ ಪ್ರಶ್ನೆಯಮ್ಮ ಮೆಲ್ಲಗೆ, “ಸಾಕು ಯಜಮಾನ್ರೇ,” ಎಂದಳು. “ಒಂದು ದಿನಕ್ಕೆ ಇಷ್ಟಾ?”

ಮಾವ ಲೋಟವನ್ನು ನೋಡಿದರು. ಯಾರೋ ಕೆನ್ನೆಗೆ ಹೊಡೆದಂತೆ ನೋಡಿದರು.

“ಇದು ಬೆಳಗಿನ ತಿಂಡಿ ಅಷ್ಟೇ,” ಎಂದರು. “ಮಧ್ಯಾಹ್ನದ ಅಡುಗೆಗೆ ಇನ್ನೂ ಒಲೆ ಹಚ್ಚಿಲ್ಲ.”

ಮೊದಲು ಬಾಯಿಬಿಟ್ಟವರು ಅತ್ತೆ. “ಇದು ಇವಳಿಗೆ ಯಾವಾಗ ಗೊತ್ತಾಯ್ತು? ಗೊತ್ತಿದ್ದೂ ಯಾಕೆ ತುಟಿ ಪಿಟಕ್ಕೆನ್ನಲಿಲ್ಲ? ಇದರಲ್ಲೂ ಏನೋ ಇದೆ.”

“ನಾನೇ ಬಾಯಿ ಮುಚ್ಚಿಸಿದ್ದೆ,” ಎಂದರು ಮಾವ.

“ನೀವು ಅವಳ ಪರ ಮಾತಾಡ್ತಿದೀರಿ.”

“ಹೌದು ಕಣೇ, ಅವಳ ಪರಾನೇ. ಕ್ಯಾನು ಕೆಲಸದ ದಿನಾನೇ ತುಂಬಿಸ್ತೀನಿ. ಬಸ್ಸಲ್ಲಿ ಎಲ್ಲರ ಮುಂದೇನೇ ಹಿಡ್ಕೊಂಡು ಹೋಗ್ತೀನಿ. ಇವಳು ಎಲ್ಲಿಗೂ ಹೋಗಲ್ಲ.” ಪ್ರಶ್ನೆಯಮ್ಮನ ಕಡೆ ತಿರುಗಿದಾಗ ಅವರ ದನಿ ಇಳಿಯಿತು. “ನನ್ನ ಮಾರ್ಕು ಕಡಿಮೆ ಮಾಡ್ತೀರಾ ಮೇಡಂ?”

“ಮಾಡ್ಲೇಬೇಕಲ್ಲ ಯಜಮಾನ್ರೇ.”

“ಪಾಸಾದ್ರೂ ಆಗ್ತೀನಾ?”

“ನುಂಗೋದು ಬಿಟ್ರೆ ಆಗ್ತೀರಿ. ರುಚಿ ನೋಡಿ ಉಗುಳಿ, ಬಾಯಿ ಮುಕ್ಕಳಿಸಿ.”

“ಉಗುಳೋನು ಅಡುಗೆಯವನಾ?” ಎಂದರು ಮಾವ. ಅತ್ತೆ ನೆಲದ ನೀರು ಒರೆಸಲು ಬಟ್ಟೆ ತಂದರು. ಸೊಸೆ ಕೈ ಚಾಚಿದಳು. ಅತ್ತೆ ಬಟ್ಟೆ ಕೊಡಲಿಲ್ಲ, ತಾವೇ ಬಗ್ಗಿ ಒರೆಸಿದರು. “ಕ್ಯಾನು ಬರ್ಲಿ,” ಎಂದು ಗೊಣಗಿದರು, “ಆಮೇಲೆ ನೋಡೋಣ.” ಅದು ಕ್ಷಮೆಯೋ ಬೆದರಿಕೆಯೋ ಸೊಸೆಗೆ ತಿಳಿಯಲಿಲ್ಲ. ಗಂಡ, “ನನಗೆ ಮೊದಲೇ ಗೊತ್ತಿತ್ತು, ನೀನಲ್ಲ ಅಂತ,” ಎಂದ. ಅವಳು ಸೌಟು, ಲೋಟ ತೊಳೆಯಲು ಎತ್ತಿಕೊಂಡು ಹೋದಳು.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಮಾವ ಅಡುಗೆಮನೆಗೆ ಬಂದರು. ಅತ್ತೆ ನಸುಕಿಗೇ ಉಪ್ಪಿನ ಡಬ್ಬಿಯನ್ನು ಒಲೆಯ ಪಕ್ಕದ ಹಲಗೆಯ ಮೇಲೆ ವಾಪಸಿಟ್ಟು ಲಾಂಡ್ರಿಗೆ ಹೋಗಿದ್ದರು. ಉಳಿದವರಿಗೆಂದು ಸೊಸೆ ಉಪ್ಪು ಹಾಕಿದ ಬೇಳೆಯನ್ನು ಬೇರೆ ಪಾತ್ರೆಯಲ್ಲಿ ಕುದಿಸುತ್ತಿದ್ದಳು. ಅವಳ ಕೈಯಿಂದ ಸೌಟು ತೆಗೆದುಕೊಂಡು ಅಂಗೈಗೆ ಸುರಿದುಕೊಂಡು ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿ ನಿಂತರು. ಆಮೇಲೆ ಬಚ್ಚಲ ತೊಟ್ಟಿಗೆ ಬಗ್ಗಿ ಉಗುಳಿ, ನೀರು ಮುಕ್ಕಳಿಸಿ ಎದ್ದರು.

“ಹೇಗೆ?”

“ನುಂಗಿದ್ರಿ.”

“ಇಲ್ಲ.”

“ಗಂಟಲು ಆಡ್ತು ಮಾವ.”

“ಎಂಜಲು ನುಂಗಿರ್ತೀನಿ.”

“ಬೇಳೆ ನುಂಗಿದ್ರಿ.”

ಮಾವ ಅತ್ತ ಇತ್ತ ನೋಡಿದರು. “ಒಂದು ಹನಿ,” ಎಂದರು, ಸಣ್ಣ ದನಿಯಲ್ಲಿ.

ಸೊಸೆ ಸೌಟನ್ನು ಮತ್ತೆ ಅದ್ದಿ ಅವರ ಅಂಗೈಗೆ ಹಿಡಿದಳು. “ಇನ್ನೊಂದು ಸಲ,” ಎಂದು, ಅವರ ಗಂಟಲಿನಿಂದ ಕಣ್ಣು ಕೀಳದೆ ನಿಂತಳು.